ಪುಟ್ಟಿ, ಆ ಬೈಕಿನವನ ಹತ್ತಿರ ಪಚ್ಚಿಲೆ ತಗೋಬೇಡ

ಪುಟ್ಟಿ, ಮನೆಯವರ ಗ್ರೂಪಲ್ಲಿ ನಿನ್ನ ಮೆಸೇಜ್ ಈಗ ನೋಡಿದೆ. ಬೆಳಿಗ್ಗೆಯಿಂದ ಹಿತ್ತಲಲ್ಲೇ ಇದ್ದೆ, ಫೋನ್ ಒಳಗಿತ್ತು. ಟೈಪ್ ಮಾಡಲು ಕೂತರೆ ಸಂಜೆಯಾಗುತ್ತದೆ, ಅದಕ್ಕೆ ಮಾತಲ್ಲೇ ಹೇಳುತ್ತಿದ್ದೇನೆ. ಉದ್ದ ಆದರೂ ಪೂರ್ತಿ ಕೇಳು, ಅರ್ಧಕ್ಕೆ ನಿಲ್ಲಿಸಬೇಡ. ಭಾನುವಾರ ನಿನ್ನ ನಾದಿನಿ ಮಕ್ಕಳು ಬರುತ್ತಿದ್ದಾರೆ, ಪಚ್ಚಿಲೆ, ಅದೇ ಸಮುದ್ರದ ಬಂಡೆಗೆ ಅಂಟಿ ಬೆಳೆಯುವ ಎರಡು ಚಿಪ್ಪಿನ ಜೀವಿ, ಬೇಕು ಅಂತ ಕೇಳಿದ್ದಾರೆ, ಹಾಸನದ ಹೋಟೆಲಲ್ಲಿ ಒಂದು ಪ್ಲೇಟಿಗೆ 380 ರೂಪಾಯಿ ಹೇಳಿದರು, ಬೀದಿಗೆ ಬರುವ ಬೈಕ್ ಮೀನಿನವನು ಮಧ್ಯಾಹ್ನ ಮೂರರ ಮೇಲೆ ಉಳಿದಿದ್ದನ್ನು ಅರ್ಧ ರೇಟಿಗೆ ಕೊಡುತ್ತೇನೆ ಅಂದ, ತಗೊಳ್ಳಲಾ ದೊಡ್ಡಮ್ಮ, ಮಕ್ಕಳಿಗೆ ಏನಾದರೂ ಆದರೆ ಅಂತ ಭಯ ಆಗುತ್ತಿದೆ. ಇಷ್ಟೇ ಅಲ್ವಾ ನೀನು ಬರೆದಿದ್ದು?

ತಗೋಬೇಡ. ಬೇರೆ ಮಾತೇ ಇಲ್ಲ. ಬಂಗುಡೆ, ಭೂತಾಯಿ ಥರದ ಮೀನಾದರೆ ಕಿವಿರು ಎತ್ತಿ ನೋಡಿ ತಗೊಳ್ಳಬಹುದು. ಪಚ್ಚಿಲೆ ಹಾಗಲ್ಲ. ಅದು ಒಲೆ ಮೇಲೆ ಇಡುವವರೆಗೂ ಜೀವಂತ ಇರಬೇಕು. ಬಾಯಿ ಬಿಟ್ಟ ಪಚ್ಚಿಲೆಯನ್ನು ಬೆರಳಲ್ಲಿ ತಟ್ಟಿದಾಗ ಮುಚ್ಚಿಕೊಳ್ಳದಿದ್ದರೆ ಅದು ಸತ್ತಿದೆ ಅಂತ. ಸತ್ತಿದ್ದನ್ನು ಯಾರು ಎಷ್ಟು ಕಡಿಮೆಗೆ ಕೊಟ್ಟರೂ ಮನೆಯೊಳಗೆ ತರಬೇಡ.

ನಾನು ಯಾಕೆ ಇಷ್ಟು ಗಟ್ಟಿಯಾಗಿ ಹೇಳುತ್ತೇನೆ ಅಂತ ನಿನ್ನ ಅಮ್ಮನಿಗೆ ಗೊತ್ತು. ನೀನು ಆಗ ತೊಟ್ಟಿಲಲ್ಲಿದ್ದೆ. 1998ರ ಏಪ್ರಿಲ್. ನಾವು ಹಾಸನದ ಕೆ.ಆರ್.ಪುರಂನ ಬಾಡಿಗೆ ಮನೆಯಲ್ಲಿದ್ದೆವು, ಸಂಪಿಗೆ ಮರ ಇತ್ತಲ್ಲ, ಅದೇ ಮನೆ. ನಾನು ಮೂಲ್ಕಿಗೆ ತವರಿಗೆ ಹೋಗಿದ್ದೆ. ವಾಪಸು ಹೊರಡುವ ದಿನ ಬೆಳಗಿನ ಜಾವ ಅಣ್ಣ ಸಮುದ್ರದ ಇಳಿತ ನೋಡಿಕೊಂಡು ಹೋಗಿ ಬಂಡೆಯಿಂದ ಕಿತ್ತು ಎರಡು ಕೆಜಿಯಷ್ಟು ಪಚ್ಚಿಲೆ ತಂದುಕೊಟ್ಟರು. ಹಸಿರು ಅಂಚು ಹೊಳೆಯುತ್ತಿತ್ತು, ಬಂಡೆಗೆ ಅಂಟಿಕೊಳ್ಳುವ ನಾರಿನ ತುದಿಯಲ್ಲಿ ಇನ್ನೂ ಪಾಚಿ ಹಾಗೇ ಇತ್ತು. ಒದ್ದೆ ಗೋಣಿಯಲ್ಲಿ ಸುತ್ತಿಕೊಡುತ್ತೇನೆ, ಹಾಗೇ ತಗೊಂಡು ಹೋಗು ಅಂದರು. ಬಸ್ಸಲ್ಲಿ ನೀರು ಸೋರಿದರೆ ಪಕ್ಕದವರು ಬೈಯುತ್ತಾರೆ ಅಂತ ನಾನೇ ಬೇಡ ಅಂದು ಪ್ಲಾಸ್ಟಿಕ್ ಕವರಿಗೆ ತುಂಬಿ ಬಾಯಿ ಬಿಗಿಯಾಗಿ ಕಟ್ಟಿಬಿಟ್ಟೆ. ಗಾಳಿ ಆಡದ ಹಾಗೆ ಕಟ್ಟಿದರೆ ಅದು ಉಸಿರುಗಟ್ಟಿ ಸಾಯುತ್ತದೆ, ಸಮುದ್ರದ ಪಕ್ಕ ಹುಟ್ಟಿ ಬೆಳೆದವಳಿಗೆ ಅದು ಗೊತ್ತಿರಬೇಕಿತ್ತು.

ಅಷ್ಟಕ್ಕೇ ನಿಲ್ಲಲಿಲ್ಲ. ಮಂಗಳೂರಿನ ಬಸ್ ಸ್ಟ್ಯಾಂಡ್ ಹೊರಗೆ ಒಬ್ಬ ಬುಟ್ಟಿ ಇಟ್ಟುಕೊಂಡು ಕೂತಿದ್ದ. ಆಗಲೇ ಬಿಸಿಲು ಏರಿತ್ತು. ಅಕ್ಕಾ, ಉಳಿದಿದ್ದು ಇಷ್ಟೇ, ಅರ್ಧ ದುಡ್ಡು ಕೊಡಿ, ಪೂರ್ತಿ ತಗೊಂಡು ಹೋಗಿ ಅಂದ. ಮನೆಯಲ್ಲಿ ಜನ ಜಾಸ್ತಿ, ಎರಡು ಕೆಜಿ ಯಾರ ಬಾಯಿಗೆ ಸಾಲುತ್ತದೆ, ಸಿಕ್ಕಿದಾಗ ತಗೊಳ್ಳೋಣ ಅಂತ ಅದನ್ನೂ ತಗೊಂಡು ಅದೇ ಕವರಿಗೆ ಸುರಿದೆ. ಅಣ್ಣ ಕೊಟ್ಟ ಒಳ್ಳೆಯದರ ಜೊತೆ ಬೆರೆಸಿಬಿಟ್ಟೆ.

ಆಗ ಮಂಗಳೂರಿಂದ ಹಾಸನಕ್ಕೆ ರೈಲೂ ಇರಲಿಲ್ಲ. ಮೀಟರ್ ಗೇಜ್ ಕಿತ್ತು ಬ್ರಾಡ್ ಗೇಜ್ ಮಾಡುತ್ತೇವೆ ಅಂತ 1996ರಲ್ಲಿ ನಿಲ್ಲಿಸಿದವರು ಮತ್ತೆ ಪ್ಯಾಸೆಂಜರ್ ಗಾಡಿ ಬಿಟ್ಟಿದ್ದು 2007ರ ಡಿಸೆಂಬರಿಗೆ. ಹನ್ನೊಂದು ವರ್ಷ ಎಲ್ಲರೂ ಶಿರಾಡಿ ಘಾಟಿಯನ್ನೇ ನಂಬಿಕೊಂಡಿದ್ದೆವು. ಗುಂಡ್ಯ ದಾಟಿ ಸ್ವಲ್ಪ ಮೇಲೆ ಬಂದಿದ್ದೇವೆ, ಮುಂದೆ ತಿರುವಿನಲ್ಲಿ ಲಾರಿ ಅಡ್ಡ ಮಲಗಿದೆ. ಬಸ್ ನಿಂತಿದ್ದು ಐದು ಗಂಟೆ. ಕವರ್ ನನ್ನ ಕಾಲ ಹತ್ತಿರ, ಇಂಜಿನ್ನಿನ ಶಾಖ ಬೇರೆ. ಮನೆ ಸೇರಿದಾಗ ರಾತ್ರಿ ಹನ್ನೊಂದು. ಕವರನ್ನು ಬಚ್ಚಲ ಮೂಲೆಯಲ್ಲಿಟ್ಟು ಮಲಗಿಬಿಟ್ಟೆ, ಬಿಚ್ಚಲೂ ಇಲ್ಲ.

ಬೆಳಿಗ್ಗೆ ಬೋಸಿಗೆ ಸುರಿದಾಗ ಆದ ಸದ್ದು ಈಗಲೂ ಕಿವಿಯಲ್ಲಿದೆ. ಜೀವ ಇರುವ ಪಚ್ಚಿಲೆ ಸುರಿದರೆ ಜಲ್ಲಿ ಕಲ್ಲು ಸುರಿದ ಹಾಗೆ ಗಟ್ಟಿ ಸದ್ದು ಬರುತ್ತದೆ. ಅವತ್ತು ಬಂದಿದ್ದು ಒಡೆದ ಕರಟದ ಹಾಗೆ ಟೊಳ್ಳು ಸದ್ದು. ಅರ್ಧಕ್ಕೆ ಅರ್ಧ ಬಾಯಿ ಬಿಟ್ಟಿದ್ದವು. ತಟ್ಟಿದೆ, ಮುಚ್ಚಲಿಲ್ಲ. ವಾಸನೆ ಅಂತ ಹೇಳುವಂಥದ್ದೇನೂ ಇರಲಿಲ್ಲ ಕಣೇ, ಅದೇ ನನಗೆ ಮೋಸ ಮಾಡಿದ್ದು. ಬಾಯಿ ಬಿಟ್ಟವನ್ನೆಲ್ಲ ಎತ್ತಿ ಬೇರೆ ಹಾಕಿದೆ. ಆಮೇಲೆ ಕೊಟ್ಟ ದುಡ್ಡು ನೆನಪಾಯಿತು. ಕೆಲವು ಸ್ವಲ್ಪವೇ ಬಿಟ್ಟಿವೆ, ಬೇಯಿಸಿದರೆ ಸರಿಹೋಗುತ್ತದೆ ಅಂತ ಅದರಿಂದಲೇ ಒಂದು ಬೊಗಸೆಯಷ್ಟು ವಾಪಸು ಹಾಕಿದೆ. ಕಾಯಿತುರಿ ಮಸಾಲೆ ಹಾಕಿ ಒಣ ಪಲ್ಯದ ಹಾಗೆ ಸುಕ್ಕ ಮಾಡಿದೆ. ನಮ್ಮ ಸಣ್ಣವನು, ಈಗ ಬೆಂಗಳೂರಲ್ಲಿದ್ದಾನಲ್ಲ, ಆಗ ಅವನಿಗೆ ಆರು ವರ್ಷ. ಖಾಲಿ ಚಿಪ್ಪನ್ನು ಇಕ್ಕಳದ ಹಾಗೆ ಹಿಡಿದುಕೊಂಡು ಇನ್ನೊಂದು ಚಿಪ್ಪಿನಿಂದ ಮಾಂಸ ಕಿತ್ತು ತಿನ್ನುವುದನ್ನು ಅವತ್ತೇ ಕಲಿಸಿಕೊಟ್ಟಿದ್ದೆ. ಖುಷಿಯಲ್ಲಿ ಎಲ್ಲರಿಗಿಂತ ಜಾಸ್ತಿ ತಿಂದ.

ರಾತ್ರಿ ಒಂಬತ್ತಕ್ಕೆ ಶುರುವಾಯಿತು. ಮೊದಲು ಮಗು, ಆಮೇಲೆ ನಿಮ್ಮ ದೊಡ್ಡಪ್ಪ. ವಾಂತಿ, ಭೇದಿ, ನೀರು ಕುಡಿಸಿದರೂ ನಿಲ್ಲುತ್ತಿಲ್ಲ. ನಡುರಾತ್ರಿ ಹೊತ್ತಿಗೆ ಮಗುವಿನ ತುಟಿ ಒಣಗಿ ಬಿಳಿಚಿಕೊಂಡಿತ್ತು, ಅಮ್ಮಾ ಅನ್ನಲು ಬಾಯಿ ತೆರೆದರೆ ಸದ್ದೇ ಬರುತ್ತಿರಲಿಲ್ಲ. ಪಕ್ಕದ ಮನೆಯವರ ಸ್ಕೂಟರಲ್ಲಿ ಅವನನ್ನು ನಡುವೆ ಕೂರಿಸಿಕೊಂಡು ಆಸ್ಪತ್ರೆಗೆ ಹೋದೆ. ಎರಡು ರಾತ್ರಿ ಡ್ರಿಪ್ ಹಾಕಿದ್ದರು. ಉಳಿಸಿದ ದುಡ್ಡು ಎಷ್ಟು, ಆಸ್ಪತ್ರೆಗೆ ಕಟ್ಟಿದ್ದು ಎಷ್ಟು, ನೀನೇ ಯೋಚನೆ ಮಾಡು.

ಅದಕ್ಕೇ ಮತ್ತೆ ಹೇಳುತ್ತಿದ್ದೇನೆ ಪುಟ್ಟಿ, ಅರ್ಧ ರೇಟಿನ ಪಚ್ಚಿಲೆ ತಗೋಬೇಡ. ಬೇಯಿಸಿದರೆ ಸರಿಹೋಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡ. ನಮಗೆ ಹೀಗಾಗುವ ಹಿಂದಿನ ವರ್ಷವೇ, 1997ರ ಸೆಪ್ಟೆಂಬರಲ್ಲಿ, ಕೇರಳದ ವಿಳಿಂಜಂನಲ್ಲಿ ಪಚ್ಚಿಲೆ ತಿಂದು 7 ಜನ ಸತ್ತರು, ನೂರಾರು ಜನ ಆಸ್ಪತ್ರೆ ಸೇರಿದರು. ಅದು ಹಳಸಿದ ಮಾಲಿನಿಂದ ಆದದ್ದಲ್ಲ, ಅದು ಬೇರೆಯೇ ವಿಷ. ಸಮುದ್ರದಲ್ಲಿ ಕಣ್ಣಿಗೆ ಕಾಣದ ಪಾಚಿ ಇರುತ್ತದೆ, ಅದರಲ್ಲಿ ಕೆಲವು ವಿಷದವು. ಪಚ್ಚಿಲೆ ದಿನವಿಡೀ ನೀರನ್ನು ಒಳಗೆಳೆದು ಸೋಸಿ ತಿನ್ನುತ್ತದಲ್ಲ, ಆ ವಿಷ ಅದರ ಮೈಯಲ್ಲೇ ಉಳಿದುಬಿಡುತ್ತದೆ. ಎಷ್ಟು ಕುದಿಸಿದರೂ ಹೋಗುವುದಿಲ್ಲ. ಸಮುದ್ರದ ನೀರು ಕೆಂಪಗೆ ಬಣ್ಣ ತಿರುಗಿದರೆ ನಮ್ಮ ಅಪ್ಪ ಬಂಡೆ ಕಡೆಗೇ ಹೋಗುತ್ತಿರಲಿಲ್ಲ. ಯಾವ ನೀರಿಂದ ಬಂದಿದೆ ಅಂತ ಹೇಳಲು ಗೊತ್ತಿಲ್ಲದವನ ಹತ್ತಿರ ತಗೊಳ್ಳಬಾರದು ಅನ್ನುವುದು ಇದಕ್ಕೇ.

ತಪ್ಪು ನನ್ನದೇ, ಒಪ್ಪಿಕೊಂಡಿದ್ದೇನೆ. ಆದರೆ ಅವತ್ತಿನಿಂದ ಬೇಲೂರು ಅತ್ತೆ ಯಾವ ಮದುವೆ, ಯಾವ ಗೃಹಪ್ರವೇಶಕ್ಕೆ ಹೋದರೂ, ಘಟ್ಟದ ಕೆಳಗಿನವಳು ಕಲ್ಲು ಬೇಯಿಸಿ ಹಾಕಿ ಗಂಡನನ್ನು ಆಸ್ಪತ್ರೆಗೆ ಮಲಗಿಸಿದಳು ಅಂತ ಹೇಳಿಕೊಂಡು ಬಂದರು. ಅವರೂ ಈ ಗ್ರೂಪಲ್ಲಿದ್ದಾರೆ, ಕೇಳಿಸಿಕೊಳ್ಳಲಿ, ನಾನು ಬೆನ್ನ ಹಿಂದೆ ಹೇಳುತ್ತಿಲ್ಲ. ಎರಡು ರಾತ್ರಿ ಮಗುವಿನ ಮಂಚದ ಪಕ್ಕ ನೆಲದ ಮೇಲೆ ಕೂತಿದ್ದವಳು ನಾನು. ಆಲೂರು ಚಿಕ್ಕಮ್ಮ ಒಬ್ಬರು ಗಂಜಿ ತಂದರು, ಮಿಕ್ಕವರು ಯಾರೂ ಹೇಗಿದ್ದೀಯಾ ಅಂತ ಕೇಳಲಿಲ್ಲ. ಮನೆಯಲ್ಲಿ ಮೂಗು ಮುಚ್ಚಿಕೊಂಡು ಓಡಾಡಿದವರೇ ಈಗ ಮಂಗಳೂರಿಗೆ ಹೋಗಿ ಪಚ್ಚಿಲೆ ಸುಕ್ಕ ತಿಂದು ಇಲ್ಲೇ ಫೋಟೋ ಹಾಕುತ್ತಾರೆ, ಎಲ್ಲರೂ ಸೂಪರ್ ಅನ್ನುತ್ತಾರೆ. ತಿನ್ನಲಿ, ಸಂತೋಷ. ನಾನು ಆಮೇಲೆ ಹನ್ನೆರಡು ವರ್ಷ ನನ್ನ ತವರಿನ ಒಂದು ಅಡುಗೆಯನ್ನೂ ಈ ಮನೆಯಲ್ಲಿ ಮಾಡಲಿಲ್ಲ. ಮಗನೇ ದೊಡ್ಡವನಾದ ಮೇಲೆ ಕೇಳಿದ, ಅಮ್ಮಾ, ಅವತ್ತಿನ ಸುಕ್ಕ ರುಚಿ ಚೆನ್ನಾಗಿತ್ತು, ಇನ್ನೊಂದು ಸಲ ಮಾಡು ಅಂತ. ಅವತ್ತು ಒಲೆ ಮುಂದೆ ನಿಂತು ಅತ್ತುಬಿಟ್ಟೆ.

ಅಯ್ಯೋ, ಎಲ್ಲಿಗೋ ಹೋದೆ. ಕಡಿಮೆ ದುಡ್ಡಲ್ಲಿ ಹೇಗೆ ಅಂತ ಅಲ್ವಾ ನೀನು ಕೇಳಿದ್ದು. ಹೇಳುತ್ತೇನೆ.

ಬೈಕಿನವನಿಗೆ ಕಾಯಬೇಡ. ಇವತ್ತೇ ಮಾರ್ಕೆಟ್‌ಗೆ ಹೋಗಿ, ಮಂಗಳೂರು ಲೋಡ್ ತರಿಸುವ ಮೀನಂಗಡಿಯವನಿಗೆ ಭಾನುವಾರ ಬೆಳಿಗ್ಗೆಗೆ ಪಚ್ಚಿಲೆ ಬೇಕು, ಜೀವ ಇರುವುದೇ ಆಗಬೇಕು ಅಂತ ಹೇಳಿಬಿಡು. ಒಬ್ಬಳೇ ಒಂದು ಕೆಜಿ ಕೇಳಿದರೆ ಅವನು ಬಾಯಿಗೆ ಬಂದ ರೇಟ್ ಹೇಳುತ್ತಾನೆ. ನಿಮ್ಮ ಬೀದಿಯ ಮಂಗಳೂರಿನವರ ಮನೆ, ಕೇರಳದ ಟೀಚರ್ ಮನೆ, ನಾವು, ಎಲ್ಲ ಸೇರಿ ಹತ್ತು ಕೆಜಿ ಹೇಳಿದರೆ ರೇಟ್ ಇಳಿಸುತ್ತಾನೆ. ಕೇರಳದವರ ಅಂಗಡಿಯಾದರೆ ಕಲ್ಲುಮ್ಮಕ್ಕಾಯಿ ಅಂತ ಕೇಳು. ಈಗ ಬೇಸಿಗೆ, ಇದೇ ಸರಿಯಾದ ಕಾಲ. ಕಾಸರಗೋಡು ಕಡೆ ಹಿನ್ನೀರಲ್ಲಿ ಹಗ್ಗ ಕಟ್ಟಿ ಬೆಳೆಸುತ್ತಾರೆ, ಮಳೆ ಬಿದ್ದರೆ ನೀರು ಸಪ್ಪೆಯಾಗಿ ಸಾಯುತ್ತದೆ ಅಂತ ಮಳೆಗಾಲಕ್ಕೆ ಮೊದಲೇ ಎಲ್ಲ ಕಿತ್ತು ಮಾರುತ್ತಾರೆ. ಮಾಂಸವೂ ಆಗ ತುಂಬಿರುತ್ತದೆ. ಜೂನ್ ಮೇಲೆ ಕೇಳಲೇಬೇಡ.

ಲೆಕ್ಕ ಹೀಗೆ ಮಾಡು. ಒಂದು ಕೆಜಿ ಚಿಪ್ಪು ಸಮೇತ ತಂದರೆ ಬೇಯಿಸಿ ಬಿಡಿಸಿದ ಮೇಲೆ ಕಾಲು ಕೆಜಿ ಮಾಂಸ ಸಿಗುತ್ತದೆ, ತುಂಬಿದ್ದರೆ ಇನ್ನೊಂದು ಸ್ವಲ್ಪ. ಅಂದರೆ 200 ರೂಪಾಯಿ ಕೆಜಿ ಅಂದರೆ ಮಾಂಸ ಕೆಜಿಗೆ 800 ಬಿದ್ದ ಹಾಗೆ. ಫ್ರೀಜರಿನಲ್ಲಿ ಬಿಡಿಸಿದ ಮಾಂಸದ ಪ್ಯಾಕೆಟ್ ಸಿಕ್ಕರೆ ಈ ಲೆಕ್ಕದಲ್ಲಿ ಹೋಲಿಸಿ ನೋಡು, ಎಷ್ಟೋ ಸಲ ಅದೇ ಅಗ್ಗ. ಹೋಟೆಲಿನದೂ ಅಷ್ಟೇ. ಚಿಪ್ಪು ಸಮೇತ ಕೊಟ್ಟರೆ ಪ್ಲೇಟ್ ತುಂಬಿದ ಹಾಗೆ ಕಾಣುತ್ತದೆ, ಎಣಿಸಿದರೆ ಹತ್ತು ಹನ್ನೆರಡು. ತಿನ್ನಲೇಬೇಕು ಅಂದರೆ ಮಧ್ಯಾಹ್ನ ಮೀನೂಟ ಹಾಕುವ ಸಣ್ಣ ಹೋಟೆಲಿಗೆ ಹೋಗಿ, ಬೆಳಿಗ್ಗೆಯೇ ಫೋನ್ ಮಾಡಿ ಇವತ್ತು ಬಂದಿದೆಯಾ ಅಂತ ಕೇಳಿಕೊಂಡು. ಎಲ್ಲರಿಗೂ ಊಟ ಹೇಳಿ ನಡುವೆ ಒಂದು ಪ್ಲೇಟ್ ಸುಕ್ಕ ತಗೊಂಡರೆ ಸಾಕು.

ನಿಮ್ಮ ಮನೆಗೆ ಎಂಟು ಜನಕ್ಕೆ ಎರಡು ಕೆಜಿ ಸಾಕು, ಪುಂಡಿ ಮಾಡು. ಅಕ್ಕಿ ಹಿಟ್ಟಿನ ಸಣ್ಣ ಉಂಡೆ ಮಾಡಿ ಹಬೆಯಲ್ಲಿ ಬೇಯಿಸಿ ಪಚ್ಚಿಲೆ ಮಸಾಲೆಗೆ ಹಾಕುವುದು. ನಾವು ಸಣ್ಣ ದುಂಡು ಚಿಪ್ಪಿನ ಮರುವಾಯಿಗೆ ಮಾಡುತ್ತೇವಲ್ಲ, ಅದೇ. ರಸ ಎಲ್ಲ ಪುಂಡಿ ಹೀರಿಕೊಳ್ಳುತ್ತದೆ, ಮಕ್ಕಳಿಗೆ ಹೊಟ್ಟೆಯೂ ತುಂಬುತ್ತದೆ. ಪಚ್ಚಿಲೆ ಸಿಗದೆ ಮರುವಾಯಿ ಸಿಕ್ಕರೆ ಅದನ್ನೇ ತಗೋ.

ತಂದ ಕೂಡಲೇ ಒದ್ದೆ ಬಟ್ಟೆ ಮುಚ್ಚಿ ಫ್ರಿಜ್ಜಿನ ಕೆಳಗಡೆ ಇಡು. ನಲ್ಲಿ ನೀರಲ್ಲಿ ಮುಳುಗಿಸಬೇಡ, ಕವರಲ್ಲಿ ಕಟ್ಟಿಡಬೇಡ. ಅಡುಗೆಗೆ ಮೊದಲು ಒಂದೊಂದೇ ತಟ್ಟಿ ನೋಡು, ಒಡೆದಿದ್ದು, ಮುಚ್ಚದಿದ್ದು ಬಿಸಾಡು. ಚಿಪ್ಪನ್ನು ಉಜ್ಜಿ ತೊಳೆದು ನಾರು ಕಿತ್ತು, ಒಂದು ಲೋಟ ನೀರಿಟ್ಟು ಮುಚ್ಚಳ ಹಾಕಿ ಬೇಯಿಸು, ಬೆಂದ ಮೇಲೂ ಬಾಯಿ ಬಿಡದಿದ್ದವನ್ನು ತೆಗೆದುಬಿಡು. ಆ ನೀರಲ್ಲೇ ಉಪ್ಪು ಇರುತ್ತದೆ, ರುಚಿ ನೋಡಿ ಆಮೇಲೆ ಹಾಕು. ಮಕ್ಕಳಲ್ಲಿ ಯಾರಿಗಾದರೂ ಸಿಗಡಿ ತಿಂದರೆ ತುರಿಕೆ ಬರುತ್ತದಾ ಅಂತ ನಿನ್ನ ನಾದಿನಿಗೆ ಮೊದಲೇ ಕೇಳಿಬಿಡು, ಬರುತ್ತಿದ್ದರೆ ಅವರಿಗೆ ಇದು ಬೇಡ.

ಭಾನುವಾರ ಬೆಳಿಗ್ಗೆ ಬೋಸಿಗೆ ಸುರಿಯುವಾಗ ನನಗೆ ವಿಡಿಯೋ ಕಾಲ್ ಮಾಡು, ಸದ್ದು ಕೇಳಿ ಹೇಳುತ್ತೇನೆ. ತೆಂಗಿನಕಾಯಿ ದುಡ್ಡು ಕೊಟ್ಟು ತಗೋಬೇಡ, ಇಲ್ಲಿ ಆರು ಸುಲಿದಿಟ್ಟಿದ್ದೇನೆ, ಬ್ಯಾಡಗಿ ಮೆಣಸಿನಕಾಯಿಯೂ ಇದೆ, ಶನಿವಾರ ಬಂದು ತಗೊಂಡು ಹೋಗು.