ಇರಕ್ವಾಯ್ ವಂಶದ ದಾಖಲೆ ಹುಡುಕಿದವರು ಇದ್ದೀರಾ? ಅನುಭವ ಹೇಳಿ

ಕೇಳಿದವರು:
ನಮಸ್ಕಾರ. ನನ್ನ ಸೊಸೆಯ ಅಜ್ಜಿ, ಅಂದರೆ ತಾಯಿಯ ತಾಯಿ, ಇರಕ್ವಾಯ್ ಒಕ್ಕೂಟದ ಆರು ಮೂಲನಿವಾಸಿ ಜನಾಂಗಗಳಲ್ಲಿ ಒಂದಾದ ಸೆನೆಕಾ ಜನಾಂಗದವರು. ನ್ಯೂಯಾರ್ಕ್ ರಾಜ್ಯದ ಕ್ಯಾಟರಾಗಸ್ ಎಂಬ ಮೂಲನಿವಾಸಿಗಳ ಮೀಸಲು ಪ್ರದೇಶದಲ್ಲಿ ಹುಟ್ಟಿದವರು. ಮೊಮ್ಮಗಳಿಗೆ ಆ ಕಡೆಯ ವಂಶವೃಕ್ಷವನ್ನೂ ಬರೆದುಕೊಡುವ ಆಸೆ. ಸರ್‌ನೇಮ್ ಹಿಡಿದು ಹೊರಟರೆ ಎರಡು ತಲೆಮಾರಿಗೇ ದಾರಿ ಮುಗಿಯುತ್ತಿದೆ. ಏನು ಮಾಡಲಿ?

ಬಫಲೋದಿಂದ:
ಸರ್, ಸರ್‌ನೇಮ್ ಬಿಡಿ, ತಾಯಂದಿರನ್ನು ಹಿಡಿಯಿರಿ. ಸೆನೆಕಾ ಜನರಲ್ಲಿ ಕುಲ ಬರುವುದು ತಾಯಿಯಿಂದ. ಇಂಗ್ಲಿಷ್ ಸರ್‌ನೇಮ್ ಬರುವುದು ಹೆಚ್ಚಾಗಿ ತಂದೆಯಿಂದ. ಅದರ ಹಿಂದೆ ಹೋದರೆ ಬೇರೆ ಕುಲಕ್ಕೆ ದಾಟಿಬಿಡುತ್ತೀರಿ. ನಿಮ್ಮ ಸೊಸೆಯದು ತಾಯಿಯ ನೇರ ಸಾಲು. ಹಾಗಾಗಿ ಅವರ ಪದ್ಧತಿಯಂತೆ ಅಜ್ಜಿಯ ಕುಲವೇ ನಿಮ್ಮ ಮೊಮ್ಮಗಳದ್ದೂ. ಎಷ್ಟು ಒಳ್ಳೆಯ ವಿಷಯ ಅಲ್ವಾ!

ಹೆಂಡತಿಯ ಮನೆಯವರಿಗಾಗಿ ಹುಡುಕುವಾಗ ನನಗೆ ಜಾಸ್ತಿ ಉಪಯೋಗವಾಗಿದ್ದು 1885ರಿಂದ 1940ರವರೆಗಿನ ಇಂಡಿಯನ್ (ಅಲ್ಲಿನ ಮೂಲನಿವಾಸಿಗಳ) ಸೆನ್ಸಸ್ ರೋಲ್‌ಗಳು. ಸರ್ಕಾರಿ ಏಜೆಂಟರು ಬರೆದವು, ಈಗ ಅಮೆರಿಕದ ನ್ಯಾಷನಲ್ ಆರ್ಕೈವ್ಸ್‌ನಲ್ಲಿವೆ. ಎಲ್ಲ ವರ್ಷದ್ದೂ ಸಿಗುವುದಿಲ್ಲ. ಮೊದಲು ಅಜ್ಜಿಯ ಹೆಸರು ಹುಡುಕಿ. ಆಮೇಲೆ ಅದೇ ಮನೆಯಲ್ಲಿ ಇದ್ದ ಹೆಂಗಸರ ಹೆಸರು, ವಯಸ್ಸು ಬರೆದುಕೊಂಡು ಹಿಂದಿನ ವರ್ಷಗಳ ಪಟ್ಟಿಗೆ ಹೋಗಿ. 1900 ಮತ್ತು 1910ರ ಜನಗಣತಿಯಲ್ಲಿ ಮೂಲನಿವಾಸಿಗಳಿಗೇ ಬೇರೆ ನಮೂನೆ ಇತ್ತು. ಅದರಲ್ಲಿ ತಂದೆಯ ಜನಾಂಗ, ತಾಯಿಯ ಜನಾಂಗ ಬೇರೆ ಬೇರೆಯಾಗಿ ಕೇಳಿದ್ದಾರೆ. ಕ್ಯಾಟರಾಗಸ್‌ನಲ್ಲಿ ಅದೇ ಒಕ್ಕೂಟದ ಕಯೂಗಾ ಜನರೂ ಇದ್ದರು, ಆದ್ದರಿಂದ ಆ ಎರಡು ಕಾಲಂ ತುಂಬಾ ಮುಖ್ಯ.

ಟೊರಾಂಟೊದಿಂದ, ಊರು ಉಡುಪಿ:
ನಮ್ಮ ಅಳಿಯಸಂತಾನದಲ್ಲಿ ಬಳಿ (ಕುಲ) ತಾಯಿಯಿಂದ ಬರುವ ಹಾಗೆಯೇ ಇದೂ. ಆದರೆ ಹೆಸರಿನ ವಿಷಯದಲ್ಲಿ ಹುಷಾರು. ಒಂದೇ ಹೆಸರು ಕಂಡರೆ ಒಬ್ಬರೇ ಅಂದುಕೊಳ್ಳಬೇಡಿ. ಸೆನೆಕಾ ಪ್ರವಾದಿ ಹ್ಯಾಂಡ್ಸಮ್ ಲೇಕ್ 1815ರಲ್ಲಿ ತೀರಿಕೊಂಡರು. ಆ ಹೆಸರು ಒಕ್ಕೂಟದ ಮುಖಂಡರ 50 ಪದವಿಗಳಲ್ಲಿ ಒಂದು. ಒಬ್ಬರು ಹೋದ ಮೇಲೆ ಕುಲದ ಹಿರಿಯ ತಾಯಿ ಆರಿಸಿದ ಇನ್ನೊಬ್ಬರಿಗೆ ಪದವಿಯ ಹೆಸರು ಹೋಗುತ್ತದೆ. ಮಾಮೂಲಿ ಜನರಿಗೂ ಚಿಕ್ಕಂದಿನಲ್ಲಿ ಒಂದು ಹೆಸರು, ದೊಡ್ಡವರಾದ ಮೇಲೆ ಇನ್ನೊಂದು. ಕಾಗುಣಿತವಂತೂ ಬರೆದವರ ಕಿವಿಗೆ ಕೇಳಿದ ಹಾಗೆ. ಜೋರಾಗಿ ಓದಿಕೊಂಡು ಹೋಲಿಸಿ.

ಗಡಿಯ ಈ ಕಡೆಯೂ ನೋಡಿ. 1779ರಲ್ಲಿ, ಅಮೆರಿಕದ ಸ್ವಾತಂತ್ರ್ಯ ಯುದ್ಧದ ಸಮಯದಲ್ಲಿ, ಅಮೆರಿಕದ ಸೇನಾಪತಿ ಸಲಿವನ್‌ನ ಸೈನ್ಯ ಇರಕ್ವಾಯ್ ಜನರ ಊರುಗಳನ್ನು, ಬೆಳೆಯನ್ನು ಸುಟ್ಟುಹಾಕಿತು. 1784ರಲ್ಲಿ ಬ್ರಿಟಿಷರು ಕೆನಡಾದ ಗ್ರ್ಯಾಂಡ್ ನದಿಯ ಬಳಿ ಜಾಗ ಕೊಟ್ಟಾಗ ಒಕ್ಕೂಟದ ಮೋಹಾಕ್ ಜನಾಂಗದ ಮುಖಂಡ ಜೋಸೆಫ್ ಬ್ರಾಂಟ್ ಜೊತೆ ಬಂದವರಲ್ಲಿ ಆರೂ ಜನಾಂಗದವರಿದ್ದರು. ಅವರ ಕಾಗದಪತ್ರಗಳಿಗೆ ಕೆನಡಾದ ರಾಷ್ಟ್ರೀಯ ಆರ್ಕೈವ್ಸ್‌ನಲ್ಲಿ ಆರ್‌ಜಿ 10 (ಮೂಲನಿವಾಸಿಗಳ ವ್ಯವಹಾರದ ಸರ್ಕಾರಿ ದಾಖಲೆಗಳ ಸಂಗ್ರಹ) ಅಂತ ಕೇಳಬೇಕು.

ಆಲ್ಬನಿಯಿಂದ:
ಕ್ಯಾಟರಾಗಸ್ ಅಂದಿರಲ್ಲ, ಅಲ್ಲೇ ಥಾಮಸ್ ಇಂಡಿಯನ್ ಸ್ಕೂಲ್ ಇತ್ತು. 1855ರಲ್ಲಿ ಅನಾಥಾಲಯವಾಗಿ ಶುರುವಾಗಿ 1957ರಲ್ಲಿ ಮುಚ್ಚಿತು. ಅದರ ದಾಖಲೆ ಇಲ್ಲಿನ ಸ್ಟೇಟ್ ಆರ್ಕೈವ್ಸ್‌ನಲ್ಲಿದೆ. ಓದಲು ಮನಸ್ಸು ಗಟ್ಟಿ ಬೇಕು. ಮನೆಯಿಂದ ದೂರವಾದ ಮಕ್ಕಳು, ಅವರ ಭಾಷೆಗೆ ಅಲ್ಲಿ ಜಾಗವಿರಲಿಲ್ಲ. ಅಜ್ಜಿಯ ಹೆಸರು ಅಲ್ಲಿ ಇರಬಹುದು ಅನ್ನುವುದನ್ನು ಮೊದಲು ಸೊಸೆಗೂ ಅವರ ತಾಯಿಗೂ ಹೇಳಿ. ತೆಗೆದು ನೋಡಬೇಕೋ ಬೇಡವೋ ಅವರೇ ತೀರ್ಮಾನಿಸಲಿ.