ಸಿಗ್ನಲ್ ಪ್ರೊಸೆಸಿಂಗ್‌ಗೆ ಅಂತಲೇ ಬೇರೆ ಕಂಪ್ಯೂಟರ್ ಯಾಕೆ ಕಟ್ಟಿದರು?

ಪ್ರಶ್ನೆ:
ಎಂಐಟಿಯ ಲಿಂಕನ್ ಲ್ಯಾಬೊರೇಟರಿಯವರು 1970ರ ಆಸುಪಾಸಿನಲ್ಲಿ ಫಾಸ್ಟ್ ಡಿಜಿಟಲ್ ಪ್ರೊಸೆಸರ್ (ಎಫ್‌ಡಿಪಿ) ಅಂತ ಒಂದು ಯಂತ್ರ ಕಟ್ಟಿದ್ದರು, ಸಿಗ್ನಲ್ ಪ್ರೊಸೆಸಿಂಗ್‌ಗೆ, ಅಂದರೆ ಧ್ವನಿಯಂಥ ಸಿಗ್ನಲ್‌ಗಳನ್ನು ಅಂಕಿಗಳಾಗಿಸಿ ಲೆಕ್ಕ ಹಾಕುವ ಕೆಲಸಕ್ಕೆ. ಅವರ ಹತ್ತಿರ 1958ರಿಂದಲೇ ಟಿಎಕ್ಸ್-2 ಅನ್ನೋ ಕಂಪ್ಯೂಟರ್ ಇತ್ತು, ಮಾತಿನ ಪ್ರಯೋಗಗಳನ್ನೂ ಅದರಲ್ಲೇ ಮಾಡುತ್ತಿದ್ದರು. 1965ರಲ್ಲಿ ಕೂಲಿ, ಟೂಕಿ ಎಫ್‌ಎಫ್‌ಟಿ (ಸಿಗ್ನಲ್‌ನಲ್ಲಿ ಯಾವ ಆವರ್ತನಗಳಿವೆ ಅಂತ ಬೇಗ ಲೆಕ್ಕ ಹಾಕುವ ವಿಧಾನ) ಪ್ರಕಟಿಸಿದ ಮೇಲೆ ಲೆಕ್ಕದ ಹೊರೆಯೂ ಎಷ್ಟೋ ಇಳಿಯಿತು. ಹಾಗಿದ್ದ ಮೇಲೆ ಹೊಸದು ಯಾಕೆ? ಸ್ವಲ್ಪ ತಡವಾದರೂ ಉತ್ತರ ಸರಿ ಬಂದರೆ ಸಾಕಲ್ವಾ?

ಉತ್ತರ:
ಟೇಪಿನಲ್ಲಿರುವ ಮಾತಿಗಾದರೆ ಸಾಕು, ರಾತ್ರಿಯಿಡೀ ಓಡಿಸಿ ಬೆಳಿಗ್ಗೆ ಕೇಳಬಹುದು. ಎದುರಿಗೆ ಒಬ್ಬರು ಮಾತಾಡುತ್ತಿದ್ದರೆ ಆಗಲ್ಲ. ಫೋನಿನ ಧ್ವನಿಗೆ ಸೆಕೆಂಡಿಗೆ 8000 ಸ್ಯಾಂಪಲ್ (ಧ್ವನಿಯ ಅಳತೆಗಳು), ಅಂದರೆ 125 ಮೈಕ್ರೋಸೆಕೆಂಡಿಗೆ ಒಂದು. ಸರಾಸರಿ ಅಷ್ಟರಲ್ಲಿ ಒಂದರ ಕೆಲಸ ಮುಗಿಯಲೇಬೇಕು, ಇಲ್ಲದಿದ್ದರೆ ಬಾಕಿ ಬೆಳೆಯುತ್ತಲೇ ಹೋಗುತ್ತದೆ. ಈಗ ಒಂದು ವೊಕೋಡರ್ (ಮಾತನ್ನು ಕಡಿಮೆ ಬಿಟ್‌ಗಳಿಗೆ ಇಳಿಸುವ ಸಾಧನ) ತಗೊಳ್ಳಿ. 16 ಫಿಲ್ಟರ್, ಪ್ರತಿಯೊಂದರಲ್ಲಿ 3 ಹಂತ, ಹಂತಕ್ಕೆ 4 ಗುಣಾಕಾರ ಅಂತಿಟ್ಟುಕೊಂಡರೂ ಒಂದು ಸ್ಯಾಂಪಲ್‌ಗೆ 192 ಗುಣಾಕಾರ. ಒಂದೊಂದಕ್ಕೆ ಸಿಗುವುದು ಸುಮಾರು 0.65 ಮೈಕ್ರೋಸೆಕೆಂಡ್! ಐಬಿಎಂ 7094ರಂಥ ದೊಡ್ಡ ಯಂತ್ರಕ್ಕೇ ಮೆಮೊರಿಯನ್ನು ಒಂದು ಸಲ ಮುಟ್ಟೋಕೆ 2 ಮೈಕ್ರೋಸೆಕೆಂಡ್ ಬೇಕಿತ್ತು, ಗುಣಾಕಾರದ ಮಾತು ಆಮೇಲೆ.

ಇನ್ನೊಂದು ಉತ್ತರ:
ಮೇಲಿನ ಲೆಕ್ಕ ಸರಿಯಾಗಿದೆ. ಅದಕ್ಕೆ ಎಫ್‌ಡಿಪಿಯವರು ಕೊಟ್ಟ ಪರಿಹಾರ ನನಗೆ ತುಂಬಾ ಇಷ್ಟ. ಸುಮ್ನೆ ವೇಗ ಹೆಚ್ಚಿಸಿ ಬಿಡಲಿಲ್ಲ, ಕೆಲಸದ ಆಕಾರ ನೋಡಿ ಯಂತ್ರ ಕಟ್ಟಿದರು. ಎಫ್‌ಎಫ್‌ಟಿಯ ಪ್ರತಿ ಬಟರ್‌ಫ್ಲೈನಲ್ಲೂ (ಅದರಲ್ಲಿ ಮತ್ತೆ ಮತ್ತೆ ಬರುವ ಮೂಲ ಲೆಕ್ಕ) ಒಂದು ಕಾಂಪ್ಲೆಕ್ಸ್ (ಸಂಕೀರ್ಣ ಸಂಖ್ಯೆಗಳ) ಗುಣಾಕಾರ ಬರುತ್ತದೆ, ಅದನ್ನು ಬಿಡಿಸಿದರೆ 4 ಸಾಮಾನ್ಯ ಗುಣಾಕಾರ. ಎಫ್‌ಡಿಪಿಯಲ್ಲಿ ಗುಣಾಕಾರ ಮಾಡಬಲ್ಲ ಘಟಕಗಳೂ ನಾಲ್ಕೇ, ಒಟ್ಟಿಗೆ ಕೆಲಸ ಮಾಡುತ್ತವೆ. ಪ್ರೋಗ್ರಾಂಗೆ ಒಂದು ಮೆಮೊರಿ, ಡೇಟಾಗೆ ಬೇರೆ, ಹಾಗಾಗಿ ಮುಂದಿನ ಆದೇಶ ತರುವ ಕೆಲಸ ಡೇಟಾ ತರುವುದಕ್ಕೆ ಅಡ್ಡ ಬರುವುದಿಲ್ಲ. ಪದದ (ಯಂತ್ರ ಒಂದು ಸಲಕ್ಕೆ ಹಿಡಿಯುವ ಸಂಖ್ಯೆಯ) ಅಳತೆ 18 ಬಿಟ್ ಮಾತ್ರ, ಮಾತಿನ ಕೆಲಸಕ್ಕೆ ಅಷ್ಟು ಸಾಕಿತ್ತು.

ಪ್ರಶ್ನೆ ಕೇಳಿದವರು:
ಈಗ ಅರ್ಥವಾಯಿತು, ಇಬ್ಬರಿಗೂ ಥ್ಯಾಂಕ್ಸ್. ಅದರ ಮೂಲಕ ಯಾರಾದರೂ ನಿಜವಾಗಿ ಮಾತಾಡಿದ್ದಾರಾ?

ಉತ್ತರ:
ಮಾತಾಡಿದ್ದಾರೆ. 1974ರ ಡಿಸೆಂಬರ್‌ನಲ್ಲಿ ಇಂಟರ್ನೆಟ್‌ಗೂ ಮುಂಚಿನ ಆರ್ಪಾನೆಟ್ ಜಾಲದ ಮೇಲೆ, ಒಂದು ತುದಿಯಲ್ಲಿ ಲಿಂಕನ್ ಲ್ಯಾಬ್, ಇನ್ನೊಂದು ತುದಿಯಲ್ಲಿ ಕ್ಯಾಲಿಫೋರ್ನಿಯಾದ ಕಲರ್-ಹ್ಯಾರಿಸನ್ ಕಂಪನಿ. ಲಿಂಕನ್ ಕಡೆ ಟಿಎಕ್ಸ್-2 ಮತ್ತು ಎಫ್‌ಡಿಪಿ ಎರಡನ್ನೂ ಜೋಡಿಸಿಕೊಂಡಿದ್ದರು, ಹಳೆಯದನ್ನು ಮೂಲೆಗೆ ಹಾಕಿರಲಿಲ್ಲ. ಎಲ್‌ಪಿಸಿ (ಹಿಂದಿನ ಸ್ಯಾಂಪಲ್‌ಗಳಿಂದ ಮುಂದಿನದನ್ನು ಅಂದಾಜು ಮಾಡುವ) ವಿಧಾನದಲ್ಲಿ ಧ್ವನಿಯನ್ನು ಸೆಕೆಂಡಿಗೆ ಸುಮಾರು 3500 ಬಿಟ್‌ಗೆ ಇಳಿಸಿ ಕಳಿಸಿದರು. ಡಿಜಿಟಲ್ ಫೋನ್ ಲೈನಿಗೆ 64,000 ಬಿಟ್ ಬೇಕು, ಹೋಲಿಸಿ ನೋಡಿ. ಆಮೇಲೆ 1983ರಲ್ಲಿ ಇದೇ ಕೆಲಸಕ್ಕೆ ಬಂದ ಟಿಎಂಎಸ್32010 ಚಿಪ್‌ನಲ್ಲೂ ಪ್ರೋಗ್ರಾಂ, ಡೇಟಾ ಬೇರೆ ಬೇರೆಯೇ ಇವೆ. ಒಂದು ಗುಣಾಕಾರಕ್ಕೆ 200 ನ್ಯಾನೋಸೆಕೆಂಡ್, ಅದೂ ಒಂದೇ ಚಿಪ್‌ನಲ್ಲಿ.