ಹಳೇ ಫೋಟೊ ಗಾಜಿಗೆ ಅಂಟಿಕೊಂಡಿದೆ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಈ ಬೇಸಿಗೆ ರಜೆಯಲ್ಲಿ ನಮ್ಮ ಹಳ್ಳಿಯ ಹಳೇ ಫೋಟೊ, ಹಿರಿಯರ ನೆನಪು ಎಲ್ಲ ಕೂಡಿಸುತ್ತಿದ್ದೇವೆ. ಬಿಡಿ ಫೋಟೊಗಳನ್ನು 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕೆ) ಸ್ಕ್ಯಾನ್ ಮಾಡಿ ಇಟ್ಟಾಯ್ತು. ಹಿಂಬದಿಗೆ ಹೆಸರು ಬರೆಯಲು ಮೆತ್ತನೆ ಪೆನ್ಸಿಲ್ ಮಾತ್ರ. ಬಾಲ್‌ಪೆನ್ ಒತ್ತಿದರೆ ಮುಂದೆ ಗೆರೆ ಮೂಡುತ್ತದೆ.

ತೊಂದರೆ ಕೊಡುತ್ತಿರುವುದು ಒಂದೇ ಫೋಟೊ. ಕೆರೆ ಏರಿ ಕಟ್ಟುವಾಗ ತೆಗೆದದ್ದು. ಫ್ರೇಮಿನ ಗಾಜಿಗೆ ಅಂಟಿಕೊಂಡುಬಿಟ್ಟಿದೆ. ಮೂಲೆಯಲ್ಲಿ ಮಣ್ಣಿನ ಬುಟ್ಟಿ ಹೊತ್ತ ಹೆಂಗಸೊಬ್ಬರು ನಿಂತಿದ್ದಾರೆ, ತೇವದ ಕಲೆ ಸರಿಯಾಗಿ ಅವರ ಕೆನ್ನೆಯವರೆಗೆ ಬಂದಿದೆ. ಎಳೆದರೆ ಮುಖವೇ ಕಿತ್ತು ಬರಬಹುದು ಅಲ್ವಾ? ಅದಕ್ಕೇ ಮುಟ್ಟಿಲ್ಲ.

ಗಾಜಿನ ಮೇಲೆ ಬೆಳಕು ಹೊಳೆಯದಂತೆ ಹಾಗೇ ಫೋಟೊ ತೆಗೆಯುವುದು ಹೇಗೆ? ಮಾಡಿ ಗೊತ್ತಿರುವವರು ದಯವಿಟ್ಟು ಬೇಗ ತಿಳಿಸಿ. ಈ ಫೋಟೊದಲ್ಲಿರುವವರನ್ನೆಲ್ಲ ಗುರುತು ಹಿಡಿಯಬಲ್ಲ ಅಜ್ಜಿ ಒಬ್ಬರೇ ಉಳಿದಿದ್ದಾರೆ.